ಗೋಕರ್ಣಕ್ಕೆ ಉಣ್ಣಲೆಂದೇ ಹೋಗಿ

ಯಲಹಂಕದವರಿಗೆ ಕೆರೆಯಿದೆ, ಹೆಬ್ಬಾಳದವರಿಗೂ ಕೆರೆಯಿದೆ. ಸಮುದ್ರ ಬೇಕೆಂದರೆ ಮಾತ್ರ ಘಟ್ಟ ಇಳಿಯಬೇಕು. ಹಾಗಾಗಿ ಮೂರು ದಿನ ಒಟ್ಟಿಗೆ ರಜೆ ಬಿತ್ತೆಂದರೆ ಉತ್ತರ ಬೆಂಗಳೂರಿನ ಒಂದು ಪಾಲು ಜನ ಗೊರಗುಂಟೆಪಾಳ್ಯದಲ್ಲಿ ಸ್ಲೀಪರ್ ಬಸ್ಸಿಗೆ ಕಾಯುತ್ತ ನಿಂತಿರುತ್ತಾರೆ, ಇನ್ನೊಂದು ಪಾಲು ಯಶವಂತಪುರ ಸ್ಟೇಷನ್ನಿನಲ್ಲಿ. ನಾವು ಎರಡನೆಯ ಪಾಲು. ಬೆಳಿಗ್ಗೆ ಯಶವಂತಪುರ ಬಿಡುವ ಕಾರವಾರದ ರೈಲು ಹಿಡಿದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟವನ್ನು ಹಗಲಿನಲ್ಲೇ ನೋಡಬಹುದು. ಸುರಂಗ ಬಂದಾಗಲೆಲ್ಲ ಬೋಗಿಯ ಮಕ್ಕಳು ಕೂಗುತ್ತವೆ, ಕೆಲವು ದೊಡ್ಡವರೂ. ಮಂಗಳೂರು ದಾಟಿ ಕೊಂಕಣ ರೈಲ್ವೆ ಹಳಿಗೆ ಬಿದ್ದ ಮೇಲೆ ಹೊಳೆಯ ಹಿಂದೆ ಹೊಳೆ. ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಯುವಾಗ ಕತ್ತಲಾಗಿತ್ತು. ಮಾರ್ಚ್ ಕೊನೆಯ ವಾರ, ಕತ್ತಲಾದರೂ ಸೆಕೆ ಇಳಿದಿರಲಿಲ್ಲ.

ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇಬ್ಬರು, ಅವರಲ್ಲಿ ನಾನೊಬ್ಬ. ಪ್ರವಾಸವೆಂದರೆ ಪಥ್ಯ ಮುರಿಯುವ ಹಬ್ಬ ಎಂಬ ಹಳೆಯ ಪದ್ಧತಿಯನ್ನು ಈ ಸಲ ಬಿಡೋಣವೆಂದು ಕೊಂಚ ದುಡ್ಡು ಹೆಚ್ಚು ಕೊಟ್ಟು, ಸಮುದ್ರ ಕಾಣುವ, ‘ಆರೋಗ್ಯಕರ ತಾಜಾ ಆಹಾರ’ ಎಂದು ಹೇಳಿಕೊಳ್ಳುವ ರೆಸಾರ್ಟ್ ಹಿಡಿದಿದ್ದೆವು. ಹೆಸರು ಬೇಡ. ಬೆಳಗಿನ ತಿಂಡಿಯ ಮೇಜಿನ ಮೇಲೆ ಕಿವಿ ಹಣ್ಣು, ಸ್ಟ್ರಾಬೆರಿ, ಓಟ್ಸ್, ಬೇಯಿಸಿದ ಬ್ರೊಕೊಲಿ. ಆ ಬ್ರೊಕೊಲಿಯೂ ಬಹುಶಃ ನಮ್ಮ ಹಾಗೆಯೇ ಘಟ್ಟ ಇಳಿದು ಬಂದದ್ದು, ನಮಗಿಂತ ಹೆಚ್ಚು ದಣಿದಿತ್ತು. ಇಲ್ಲಿಯದು ಎನ್ನಬಹುದಾದದ್ದು ಎಳನೀರು ಒಂದೇ.

ಅಡುಗೆಮನೆಯ ಹುಡುಗ ಕುಮಟಾ ಕಡೆಯವನು. ಕೇಳಿದ್ದಕ್ಕೆ ನಕ್ಕ. “ಗೆಸ್ಟ್ ಕೇಳೂದೇ ಇದನ್ನ ಸರ್. ಕುಚ್ಚಲಕ್ಕಿ ಗಂಜಿ ಇಟ್ರೆ, ಇಷ್ಟು ದುಡ್ಡು ಕೊಟ್ಟು ಗಂಜಿ ಕುಡೀಬೇಕಾ ಅಂತಾರೆ. ನೀವು ಪೇಟೆಯಿಂದ ತಂದುಕೊಡಿ, ನಾ ಮಾಡಿಕೊಡ್ತೆ.”

ಅವನ ಆ ಒಂದು ಮಾತಿನಿಂದ ನಮ್ಮ ಮುಂದಿನ ಮೂರು ದಿನ ಬೇರೆಯೇ ಆದವು.

ಗೋಕರ್ಣವನ್ನು ಓದುಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಆತ್ಮಲಿಂಗದ ಮಹಾಬಲೇಶ್ವರ, ಕೋಟಿತೀರ್ಥ, ರಥಬೀದಿ. ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಓಂ, ಹಾಫ್‌ ಮೂನ್, ಪ್ಯಾರಡೈಸ್ ಬೀಚುಗಳು. ಕುಡ್ಲೆಯ ಗುಡಿಸಲು ಹೋಟೆಲುಗಳಲ್ಲಿ ಇಸ್ರೇಲಿನ ಹಮ್ಮಸ್, ಇಟಲಿಯ ಪಿಜ್ಜಾ, ಟಿಬೆಟ್ಟಿನ ಮೊಮೊ ಸಿಗುತ್ತವೆ. ಓಂ ಬೀಚಿನ ಮೇಲಿನ ಗುಡ್ಡದಲ್ಲಿ ಕೇರಳ ಮೂಲದ ಸಿಜಿಎಚ್ ಅರ್ಥ್ ಬಳಗದ ‘ಸ್ವಸ್ವರ’ ಇದೆ. ಯೋಗ, ಆಯುರ್ವೇದದ ಜೊತೆಗೆ ಊಟವನ್ನೂ ಚಿಕಿತ್ಸೆಯ ಭಾಗವಾಗಿ ನೋಡುವ ರೆಸಾರ್ಟ್ ಅದು, ದರವೂ ಅದಕ್ಕೆ ತಕ್ಕಂತೆ. ಆದರೆ ಅಷ್ಟು ದುಡ್ಡು ಕೊಟ್ಟವರಿಗೂ ಕೊಡದವರಿಗೂ ತಾಜಾ ಊಟದ ಮೂಲ ಒಂದೇ: ಬೆಳಿಗ್ಗೆ ಪೇಟೆಯ ಬೀದಿ ಬದಿಯಲ್ಲಿ ಗೋಣಿ ಹಾಸಿ ಕೂತ ಹಾಲಕ್ಕಿ ಹೆಂಗಸರ ಬುಟ್ಟಿ.

ಹಾಲಕ್ಕಿ ಒಕ್ಕಲಿಗರನ್ನು ಗುರುತಿಸಲು ಕಷ್ಟವಿಲ್ಲ. ಕುಪ್ಪಸವಿಲ್ಲದೆ ಉಟ್ಟ ಸೀರೆ, ಕೊರಳ ತುಂಬ ಕರಿಮಣಿ ಸರ, ಮೂಗಿನಲ್ಲಿ ನತ್ತು. ಈಗ ಈ ಉಡುಪು ವಯಸ್ಸಾದವರಲ್ಲಿ ಮಾತ್ರ, ಸೊಸೆಯಂದಿರು ನಮ್ಮ ನಿಮ್ಮಂತೆಯೇ. ನಾಡು ಕಂಡ ಇಬ್ಬರು ಪದ್ಮಶ್ರೀಗಳು ಇದೇ ಸಮುದಾಯದವರು: ಗಿಡ ನೆಟ್ಟ ಹೊನ್ನಳ್ಳಿಯ ತುಳಸಿ ಗೌಡ, ಹಾಡು ಕಾಪಿಟ್ಟ ಬಡಗೇರಿಯ ಸುಕ್ರಿ ಬೊಮ್ಮ ಗೌಡ. ಇಬ್ಬರೂ ಪಕ್ಕದ ಅಂಕೋಲಾ ತಾಲ್ಲೂಕಿನವರು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಕಾಡಿನ ಗಿಡ, ಗದ್ದೆಯ ಹಾಡು ಎಂದು ಪತ್ರಿಕೆಗಳು ಬರೆದವು, ಸರಿಯೇ. ಈ ಸಮುದಾಯದ ಹೆಂಗಸರು ದಿನವೂ ತಲೆಯ ಮೇಲೆ ಹೊತ್ತು ತರುವ ಹರಿವೆ ಸೊಪ್ಪಿನ ಬಗ್ಗೆ ಅಷ್ಟಾಗಿ ಯಾರೂ ಬರೆಯಲಿಲ್ಲ.

ಕೆಂಪು ಹರಿವೆ, ಬಸಳೆ, ಮೊಗೆಕಾಯಿ, ಎಳೆ ಬೆಂಡೆ, ಅಲಸಂದೆ, ಹೀರೆ, ಬದನೆ, ಗೆಣಸು. ಗೋಕರ್ಣದ ಸುತ್ತಲಿನ ಮಣ್ಣು ಮರಳು ಮಿಶ್ರಿತ. ಮಳೆಗಾಲದ ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ತರಕಾರಿ ಸಾಲು ಎಬ್ಬಿಸುತ್ತಾರೆ. ಸಣ್ಣ ಬಾವಿ ತೋಡಿ, ಕೊಡದಲ್ಲಿ ನೀರು ಹೊತ್ತು ಹನಿಸುತ್ತಿದ್ದ ಕಾಲ ಹೋಗಿ ಪಂಪು ಬಂದಿದೆ. ಬುಟ್ಟಿ ಮಾತ್ರ ಹಾಗೇ ಇದೆ.

“ಇದು ನಿನ್ನೆದಾ ಅಮ್ಮಾ?” ಎಂದು ಬೆಂಗಳೂರಿನ ಅನುಮಾನದಲ್ಲಿ ಕೇಳಿದೆ. ಆ ಮುದುಕಿ ಸೊಪ್ಪಿನ ಬೇರನ್ನು ತಿರುಗಿಸಿ ತೋರಿಸಿದಳು. ಮಣ್ಣು ಇನ್ನೂ ಹಸಿಯಾಗಿತ್ತು. “ನಿನ್ನೆದ್ ಯಾರ್ ತಿಂತ್ರು ತಮಾ? ಇಂದ್ ಬೆಳಿಗ್ಗೆ ಕಿತ್ತದ್ದು.” ಯಲಹಂಕದ ನಮ್ಮ ಬೀದಿಯಲ್ಲಿ ಗಾಡಿಯವನು ಸೊಪ್ಪಿನ ಮೇಲೆ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಾನೆ. ಇಲ್ಲಿ ಅದರ ಅಗತ್ಯವೇ ಇರಲಿಲ್ಲ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ, ಎರಡು ಕಟ್ಟು ಹೆಚ್ಚೇ ತೆಗೆದುಕೊಂಡೆ.

ಅಂದು ಮಧ್ಯಾಹ್ನದ ಊಟ: ಕುಚ್ಚಲಕ್ಕಿ ಅನ್ನ, ಹರಿವೆ ಸಾಸಿವೆ, ಒಂದೆಲಗದ ತಂಬುಳಿ, ಅಪ್ಪೆಹುಳಿ. ತಂಬುಳಿಗೆ ಒಲೆ ಹೆಚ್ಚು ಬೇಕಿಲ್ಲ: ಒಂದಿಷ್ಟು ಜೀರಿಗೆ ಮೆಣಸು ಹುರಿದು, ಎಲೆ ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಅಪ್ಪೆಮಿಡಿಯನ್ನು ಬೇಯಿಸಿ ಹಿಂಡಿ, ನೀರಾಗಿ ಮಾಡಿ, ಇಂಗಿನ ಒಗ್ಗರಣೆ ಹಾಕಿದರೆ ಅಪ್ಪೆಹುಳಿ. ಉಪ್ಪು, ಹುಳಿ, ಇಂಗು ಮೂರೇ. ಊಟದ ಕೊನೆಗೆ ಲೋಟದಲ್ಲಿ ಕುಡಿಯುವಂಥದ್ದು. ಕುಡಿದು ಮಲಗಿದರೆ ಎಂಥ ಸೆಕೆಯಲ್ಲೂ ನಿದ್ದೆ. ಘಟ್ಟದ ಮೇಲಿನ ಹವ್ಯಕರು ಇದನ್ನು ತಮ್ಮದೆನ್ನುತ್ತಾರೆ, ಕೆಳಗಿನವರು ತಮ್ಮದೆನ್ನುತ್ತಾರೆ. ಆ ಜಗಳದಲ್ಲಿ ನಾನು ತಲೆ ಹಾಕುವುದಿಲ್ಲ. ಪಕ್ಕದ ಮೇಜಿನ ಸಹಕಾರನಗರದ ದಂಪತಿ, ಪಾಸ್ತಾ ಅರ್ಧಕ್ಕೆ ಬಿಟ್ಟು, ನಮ್ಮ ಮೇಜಿನ ಮೇಲಿರುವುದು ಮೆನುವಿನ ಯಾವ ಪುಟದಲ್ಲಿದೆ ಎಂದು ಕೇಳಿದರು.

ಮರುದಿನ ತದಡಿಗೆ ಹೋದೆವು. ಅಘನಾಶಿನಿ ಹೊಳೆ ಕಡಲು ಸೇರುವ ಜಾಗದ ಮೀನುಗಾರಿಕೆ ಬಂದರು ಅದು. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬರುವ ಈ ಹೊಳೆಗೆ ಇಂದಿಗೂ ದೊಡ್ಡ ಅಣೆಕಟ್ಟಿಲ್ಲ. ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಬರಬೇಕಿತ್ತು. ಜನ ಬೇಡವೆಂದರು, ಬರಲಿಲ್ಲ. ಬಂದಿದ್ದರೆ ಈ ಬರಹದಲ್ಲಿ ಮೀನಿನ ಮಾತು ಇರುತ್ತಿರಲಿಲ್ಲವೇನೋ. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು. ಅಳಿವೆಯೆಂದರೆ ಸಿಹಿನೀರು ಉಪ್ಪುನೀರು ದಿನಕ್ಕೆರಡು ಸಲ ಬೆರೆಯುವ ಜಾಗ, ಮೀನು ಮರಿಗಳ ಅಂಗನವಾಡಿ.

ಇಳಿತದ ಹೊತ್ತಿನಲ್ಲಿ ಸೊಂಟದ ನೀರಿನಲ್ಲಿ ನಿಂತು ಜನ ಬಳಚು ಬಾಚುತ್ತಿದ್ದರು. ಚಿಪ್ಪಿನೊಳಗಿನ ಈ ಜೀವಿ ಇಲ್ಲಿನ ಬಡವರ ಮಾಂಸ. ನಗರದ ತಾರಾ ಹೋಟೆಲಿನಲ್ಲಿ ಬೆಣ್ಣೆ ಬೆಳ್ಳುಳ್ಳಿ ಹಾಕಿ ‘ಕ್ಲಾಮ್ಸ್’ ಎಂದು ಕೊಡುವುದೂ ಇದರ ಬಳಗವನ್ನೇ. ತೆಂಗಿನಕಾಯಿ ಹಾಕಿದ ಬಳಚಿನ ಸುಕ್ಕ ತಿಂದ ಮೇಲೆ ಬೆಣ್ಣೆಯದು ನನಗಂತೂ ಬೇಡ.

ಮೀನಿನ ಹೆಸರುಗಳಲ್ಲಿ ಬೆಂಗಳೂರಿಗರು ಇಲ್ಲಿ ಎಡವುತ್ತಾರೆ. ಆರ್‌.ಟಿ. ನಗರದ ಮಂಗಳೂರು ಹೋಟೆಲಿನಲ್ಲಿ ನಾವು ಕಾಣೆ ಎನ್ನುವುದು ಇಲ್ಲಿ ನೊಗಲಿ, ಅಂಜಲ್ ಇಲ್ಲಿ ಇಸವಾಣ, ಭೂತಾಯಿ ತಾರ್ಲೆ, ಸಿಗಡಿ ಶೆಟ್ಲಿ. ಪ್ರವಾಸಿಗರೆಲ್ಲ ಇಸವಾಣಕ್ಕೆ ಮುಗಿಬೀಳುವುದರಿಂದ ಅದರ ಬೆಲೆ ಆಕಾಶದಲ್ಲಿದೆ. ತಾರ್ಲೆಯನ್ನು ಕೇಳುವವರಿಲ್ಲ. ಹೃದಯಕ್ಕೆ ಒಳ್ಳೆಯದೆಂದು ಡಾಕ್ಟರು ಹೇಳುವ ಒಮೆಗಾ–3 ಕೊಬ್ಬು ಈ ಅಗ್ಗದ ಮೀನಿನಲ್ಲಿ ಧಾರಾಳವಾಗಿದೆ. ಎಣ್ಣೆಯಲ್ಲಿ ಮುಳುಗಿಸಿ ಹುರಿದರೆ ಬಂದ ದಾರಿಗೆ ಸುಂಕವಿಲ್ಲ. ಬಾಳೆಎಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸಿಕೊಡು ಎಂದೆವು. ಹುಡುಗ ಮುರುಗಲು ಸಿಪ್ಪೆ ಹಾಕಿ ಸಾರನ್ನೂ ಮಾಡಿದ. ಜೊತೆಗೆ ಮುರುಗಲಿನ ಪಾನಕ, ನನಗೆ ಸಕ್ಕರೆ ಹಾಕದೆ. ಮುಖ ಹಿಂಡಿಕೊಂಡೇ ಎರಡು ಲೋಟ ಕುಡಿದೆ.

ಜೊತೆಗೆ ಉಂಡ ಕುಚ್ಚಲಕ್ಕಿ ಅನ್ನದ ಕಥೆಯೂ ಇದೇ ಹೊಳೆಗೆ ಸೇರಿದ್ದು. ಅಳಿವೆಯ ಅಂಚಿನಲ್ಲಿ ಗಜನಿ ಎಂಬ ತಗ್ಗು ಭೂಮಿಗಳಿವೆ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿ ಮಣ್ಣಿನ ಉಪ್ಪು ತೊಳೆದಾಗ ಭತ್ತ, ಬೆಳೆ ಕೊಯ್ದ ಮೇಲೆ ತೂಬು ತೆರೆದು ಕಡಲ ನೀರು ಒಳಬಿಟ್ಟರೆ ಮೀನು, ಶೆಟ್ಲಿ. ಭತ್ತದ ಕೂಳೆಯೇ ಮೀನಿಗೆ ಮೇವು, ಮೀನಿನ ಹಿಕ್ಕೆಯೇ ಭತ್ತಕ್ಕೆ ಗೊಬ್ಬರ. ಹೊರಗಿನಿಂದ ಒಂದು ಚೀಲ ಏನೂ ತರಬೇಕಿಲ್ಲ. ಇಲ್ಲಿ ಬೆಳೆಯುವ ತಳಿ ಕಗ್ಗ, ಉಪ್ಪುನೀರು ಮತ್ತು ನೆರೆ ಎರಡನ್ನೂ ತಾಳುವ, ಕೆಂಪು ದಪ್ಪ ಅಕ್ಕಿ. ಮಾಣಿಕಟ್ಟಾ ಊರಿನ ರೈತರು ಅದನ್ನು ಒಟ್ಟಾಗಿ ಉಳಿಸಿಕೊಂಡಿದ್ದಾರೆ. ಇತ್ತ ಹೆಚ್ಚಿನ ಗಜನಿಗಳು ಭತ್ತ ಬಿಟ್ಟು ಸಿಗಡಿ ಕೃಷಿಯ ಪಾಲಾಗಿವೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಎದುರು ದಿನವೂ ಓಡಾಡುವ ನನಗೆ ಇಂಥ ಭತ್ತವೊಂದಿದೆ ಎಂದು ತಿಳಿದದ್ದು ಐವತ್ತು ದಾಟಿದ ಮೇಲೆ.

ಗೋಕರ್ಣಕ್ಕೆ ಹಿಂತಿರುಗುವ ದಾರಿಯಲ್ಲಿ ಸಾಣಿಕಟ್ಟಾ. ಬಿಸಿಲಿಗೆ ಕಣ್ಣು ಕುಕ್ಕುವ ಉಪ್ಪಿನ ಗದ್ದೆಗಳು, ನಡುವೆ ಮರದ ಹಲಗೆಯಿಂದ ಉಪ್ಪು ಎಳೆಯುವ ಕಾರ್ಮಿಕರು. ನಾಗರಬೈಲ್ ಉಪ್ಪು ಮಾಲೀಕರ ಸಹಕಾರ ಸಂಘ 1952ರಿಂದ ಇದನ್ನು ನಡೆಸುತ್ತಿದೆ. ಅಂಗಡಿಯ ಪುಡಿ ಉಪ್ಪಿನಂತೆ ಬೆಳ್ಳಗಿಲ್ಲ, ಸ್ವಲ್ಪ ಮಣ್ಣಿನ ಬಣ್ಣ. ಮಲೆನಾಡಿನ ಮಿಡಿ ಉಪ್ಪಿನಕಾಯಿಗೆ ಇದೇ ಆಗಬೇಕು ಎನ್ನುವವರಿದ್ದಾರೆ. ಇದೇ ಕರಾವಳಿಯ ಅಂಕೋಲಾದಲ್ಲಿ 1930ರಲ್ಲಿ ಜನ ಉಪ್ಪು ಮಾಡಿ ಜೈಲಿಗೆ ಹೋದರು. ಈಗ ಅರ್ಧ ಕೆ.ಜಿ. ಹಿಮಾಲಯದ ಗುಲಾಬಿ ಉಪ್ಪನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳುವವರು ನಾವು. ಒಂದು ಚೀಲ ಕೊಂಡೆ. ರಕ್ತದೊತ್ತಡದವರಿಗೆ ಎಲ್ಲಿಯ ಉಪ್ಪಾದರೂ ಉಪ್ಪೇ ಎಂದು ಹೆಂಡತಿ ಎಚ್ಚರಿಸಿದಳು, ಅದೂ ನಿಜ.

ಕೊನೆಯ ದಿನ ಟ್ಯಾಕ್ಸಿಯಲ್ಲಿ ಕುಮಟಾ ಕಡೆ ಹೋದಾಗ ಹೆದ್ದಾರಿ ಬದಿಯ ಗೂಡಂಗಡಿಗಳಲ್ಲಿ ಈರುಳ್ಳಿಯ ಜಡೆಗಳು ತೂಗುತ್ತಿದ್ದವು. ಅಳ್ವೆಕೋಡಿ, ಹಂದಿಗೋಣದ ಮರಳು ನೆಲದಲ್ಲಿ ಬೆಳೆಯುವ ಕುಮಟಾದ ಸಿಹಿ ಈರುಳ್ಳಿ ಇದು. ಸೊಪ್ಪನ್ನು ಹೆಣೆದು ಮಾಲೆ ಕಟ್ಟಿ ಮಾರುತ್ತಾರೆ. ಹಸಿಯಾಗಿ ಕಚ್ಚಿ ತಿಂದರೂ ಕಣ್ಣೀರಿಲ್ಲ. ನಮ್ಮ ಯಶವಂತಪುರದ ಯಾರ್ಡಿಗೆ ಲಾರಿಗಟ್ಟಲೆ ಈರುಳ್ಳಿ ಬರುತ್ತದೆ, ದೇಶದ ಈರುಳ್ಳಿ ಬೆಲೆಯ ಸುದ್ದಿಯಲ್ಲಿ ಆ ಯಾರ್ಡಿನ ಹೆಸರು ಇದ್ದೇ ಇರುತ್ತದೆ. ಕುಮಟಾದ ಈ ಜಡೆ ಮಾತ್ರ ಅಲ್ಲಿ ಕಣ್ಣಿಗೆ ಬಿದ್ದದ್ದಿಲ್ಲ. ಎರಡು ಜಡೆ ಕೊಂಡು ರೈಲಿನ ಕಿಟಕಿಯ ಕೊಕ್ಕೆಗೆ ತಗುಲಿಸಿಕೊಂಡು ಬಂದೆವು. ಎದುರಿನ ಸೀಟಿನವರು ದಾರಿಯುದ್ದಕ್ಕೂ ಅದರ ಬೆಲೆ ವಿಚಾರಿಸಿದರು, ಯಾರೂ ಬೀಚಿನ ಬಗ್ಗೆ ಕೇಳಲಿಲ್ಲ.

ಹೋಗುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರುವರಿವರೆಗೆ ಸೊಪ್ಪು ತರಕಾರಿ ಹೇರಳ. ಮಾರ್ಚ್, ಏಪ್ರಿಲಿನಲ್ಲಿ ಈರುಳ್ಳಿ, ಉಪ್ಪು, ಅಪ್ಪೆಮಿಡಿ. ಮೇ ತಿಂಗಳಲ್ಲಿ ಹೋದರೆ ಅಂಕೋಲಾದ ಕರಿ ಇಶಾಡ್ ಮಾವು ಸಿಗುತ್ತದೆ, 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು. ತೆಳು ಸಿಪ್ಪೆ, ದೂರದ ಪಯಣ ತಾಳದು, ಅಲ್ಲಿಯೇ ತಿನ್ನಬೇಕು. ಸಕ್ಕರೆಯವರು ಒಂದೇ ಹೋಳು. ರೆಸಾರ್ಟಿನವರಿಗೆ ಬುಕ್ ಮಾಡುವಾಗಲೇ ಫೋನಿನಲ್ಲಿ ಹೇಳಿಬಿಡಿ: ಮೆನು ಬೇಡ, ಇವತ್ತು ಪೇಟೆಗೆ ಏನು ಬಂದಿದೆಯೋ ಅದು ಸಾಕು. ಹತ್ತು ಜನ ಹೀಗೆ ಕೇಳಿದರೆ ಹನ್ನೊಂದನೆಯವರಿಗೆ ಗಂಜಿ ತಾನಾಗಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಆಗ ಯಾರಾದರೂ ತಾಜಾ ಇಸವಾಣ ಎಂದು ಕೊಟ್ಟರೆ ನಂಬಬೇಡಿ, ಹೊಳೆಮೀನು ಕೇಳಿ.