ವಿಂಡೋಸಲ್ಲಿರೋ ವೈಫೈ ಉಬುಂಟುಲಿ ಯಾಕೆ ಕಾಣಲ್ಲ?

ಓಎಸ್ ಲ್ಯಾಬ್ ಶುರುವಾದ ಮೇಲೆ ನಮ್ಮ ಕ್ಲಾಸಲ್ಲಿ ತುಂಬಾ ಜನ ವಿಂಡೋಸ್ ಪಕ್ಕದಲ್ಲೇ ಉಬುಂಟು ಹಾಕಿಕೊಂಡೆವು. ಆಮೇಲೆ ವಾಟ್ಸಾಪ್ ಗ್ರೂಪಲ್ಲಿ ದಿನಾ ಅದೇ ದೂರು: "ಮಗಾ, ವಿಂಡೋಸಲ್ಲಿ ವೈಫೈ ಇದೆ, ಉಬುಂಟುಲಿ ಅಡಾಪ್ಟರೇ ಇಲ್ಲ ಅಂತಿದೆ."

ವಿಂಡೋಸಲ್ಲಿ ವೈಫೈ ಓಡ್ತಿದ್ರೆ ಕಾರ್ಡ್ ಕೆಟ್ಟಿಲ್ಲ, ಇದನ್ನ ಮೊದಲು ತಲೇಲಿ ಇಟ್ಕೊಳ್ಳಿ. ಶಾಂತಿಗ್ರಾಮದ ನಮ್ಮ ಗೆಳೆಯನಿಗೆ ಒಂದು ರಿಪೇರಿ ಅಂಗಡಿಯಲ್ಲಿ "ಲಿನಕ್ಸ್ ತೆಗೆದುಬಿಡಪ್ಪ, ಇಲ್ಲಾಂದ್ರೆ ಕಾರ್ಡ್ ಚೇಂಜ್ ಮಾಡಿಸು" ಅಂದ್ರಂತೆ. ಎರಡೂ ಬೇಕಿರಲಿಲ್ಲ. ಅವಸರದಲ್ಲಿ ತಪ್ಪು ಪಾರ್ಟಿಷನ್ ಅಳಿಸಿದ್ರೆ ಪ್ರಾಜೆಕ್ಟ್, ಮನೆಯವರ ಫೋಟೊ ಎಲ್ಲಾ ಹೋಗುತ್ತೆ.

ಅವನ ಲ್ಯಾಪ್‌ಟಾಪಲ್ಲಿ ವೈಫೈ ಒಂದಿನ ಇರ್ತಿತ್ತು, ಒಂದಿನ ಇರ್ತಿರಲಿಲ್ಲ. ಸರಿಯಾಗಿ ಗಮನಿಸಿದಾಗ ಗೊತ್ತಾಯ್ತು: ವಿಂಡೋಸಿಂದ ಶಟ್‌ಡೌನ್ ಮಾಡಿ ಉಬುಂಟುಗೆ ಬಂದ್ರೆ ಇಲ್ಲ, ರೀಸ್ಟಾರ್ಟ್ ಮಾಡಿ ಬಂದ್ರೆ ಇದೆ. ಕಾರಣ ಫಾಸ್ಟ್ ಸ್ಟಾರ್ಟಪ್. 2012ರ ವಿಂಡೋಸ್ 8ರಿಂದ ಇರುವ ಸೌಲಭ್ಯ ಇದು. ಇದು ಆನ್ ಇದ್ದಾಗ ಶಟ್‌ಡೌನ್ ನಿಜವಾದ ಶಟ್‌ಡೌನ್ ಅಲ್ಲ. ನಾವು ತೆರೆದ ಪ್ರೋಗ್ರಾಮ್‌ಗಳು ಮುಚ್ಚುತ್ತವೆ, ಆದರೆ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಸೇವ್ ಆಗಿ ಕೂತಿರುತ್ತೆ. ವಿಂಡೋಸ್ ಅರ್ಧ ನಿದ್ದೆಯಲ್ಲಿರುತ್ತೆ ಅನ್ನಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಡನ್ನೂ ಅದು ಮಲಗಿಸಿಯೇ ಹೋಗಿರುತ್ತೆ, ಲಿನಕ್ಸ್ ಬಂದು ಕರೆದ್ರೆ ಏಳಲ್ಲ. ರೀಸ್ಟಾರ್ಟಲ್ಲಿ ಮಾತ್ರ ಎಲ್ಲಾ ಪೂರ್ತಿ ಮುಚ್ಚಿ ಮತ್ತೆ ಶುರುವಾಗುತ್ತೆ.

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ ಪವರ್ ಬಟನ್ ಏನು ಮಾಡಬೇಕು ಅನ್ನೋ ಕಡೆ ಹೋಗಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೀರಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಟಿಕ್ ವಾಪಸ್ ಬಂದಿರುತ್ತೆ, ನೋಡ್ತಾ ಇರಿ. ವೈಫೈ ಸರಿ ಇದ್ರೂ ಡ್ಯುಯಲ್ ಬೂಟ್ ಇರೋರು ಇದನ್ನ ತೆಗೆಯೋದೇ ಒಳ್ಳೇದು. ಅರ್ಧ ನಿದ್ದೆಯಲ್ಲಿರೋ ವಿಂಡೋಸ್ ಡ್ರೈವಿಗೆ ಲಿನಕ್ಸಿಂದ ಬರೆಯೋಕೆ ಹೋದ್ರೆ ಫೈಲ್ ಹಾಳಾಗಬಹುದು.

ಇಷ್ಟಕ್ಕೂ ಬರಲಿಲ್ವಾ? ಟರ್ಮಿನಲ್ ತೆಗೆದು ಸಣ್ಣ ಅಕ್ಷರದಲ್ಲಿ ಎಲ್‌ಎಸ್‌ಪಿಸಿಐ, ಒಂದು ಸ್ಪೇಸ್, ಹೈಫನ್, ಎನ್‌ಎನ್‌ಕೆ ಅಂತ ಟೈಪ್ ಮಾಡಿ. ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಹುಡುಕಿ. ಪಕ್ಕದ ಬ್ರಾಕೆಟಲ್ಲಿ ಕಂಪನಿಯ ನಂಬರ್ ಇರುತ್ತೆ. ಇಂಟೆಲ್‌ದು 8086! 1978ರ ಅದೇ ಪ್ರೊಸೆಸರ್ ಹೆಸರನ್ನೇ ಐಡಿ ಮಾಡ್ಕೊಂಡಿದ್ದಾರೆ, ನಮಗಂತೂ ಇದು ಸಖತ್ ಇಷ್ಟ ಆಯ್ತು. ಕಾರ್ಡಿನ ಹೆಸರು ಇದ್ದು, ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅನ್ನೋ ಸಾಲು ಇಲ್ಲದಿದ್ರೆ ಡ್ರೈವರ್ ಬೇಕು ಅಂತ ಅರ್ಥ. ಆ ಸಾಲೂ ಇದ್ರೆ ಆರ್‌ಎಫ್‌ಕಿಲ್ ಲಿಸ್ಟ್ ಕಮಾಂಡ್ ಕೊಡಿ. ಹಾರ್ಡ್ ಬ್ಲಾಕ್ ಎಸ್ ಅಂತ ಬಂದ್ರೆ ಕೀಬೋರ್ಡಿನ ಏರೋಪ್ಲೇನ್ ಕೀ ಅಥವಾ ಪಕ್ಕದ ಸ್ವಿಚ್ ನೋಡಿ.

ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್ ಬರೋಕೆ ಡ್ರೈವರ್ ಬೇಕು! ಊರಲ್ಲಿ, ಅಂದ್ರೆ ಶಾಂತಿಗ್ರಾಮದಂಥ ಕಡೆ ಮನೇಲಿ ಕೇಬಲ್ ನೆಟ್ ಇಲ್ಲದಿದ್ರೆ ಏನು ಮಾಡೋದು? ಹಾಸನಕ್ಕೆ ಬಸ್ ಹತ್ತಬೇಕಿಲ್ಲ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಉಬುಂಟು ಅದನ್ನ ವೈರ್ಡ್ ಕನೆಕ್ಷನ್ ಅಂತ ತಗೊಳ್ಳುತ್ತೆ. ಆಮೇಲೆ ಸಿಸ್ಟಮ್ ಅಪ್‌ಡೇಟ್ ಮಾಡಿ, 'ಅಡಿಷನಲ್ ಡ್ರೈವರ್ಸ್' ತೆರೆದು ನೋಡಿ.

ಡ್ರೈವರ್ ಹಾಕುವಾಗ ಸೆಕ್ಯೂರ್ ಬೂಟಿಗೆ ಅಂತ ಒಂದು ಪಾಸ್‌ವರ್ಡ್ ಇಡಲು ಕೇಳಿದ್ರೆ ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನ್ ಬರುತ್ತೆ. ಅದು ಕ್ರ್ಯಾಶ್ ಅಲ್ಲ! ಹೆದರಿ 'ಕಂಟಿನ್ಯೂ ಬೂಟ್' ಒತ್ತಿದ್ರೆ ಡ್ರೈವರ್ ಲೋಡೇ ಆಗಲ್ಲ. 'ಎನ್‌ರೋಲ್ ಮಾಕ್' ಆರಿಸಿ ಆ ಪಾಸ್‌ವರ್ಡ್ ಕೊಡಿ. "ಸೆಕ್ಯೂರ್ ಬೂಟನ್ನೇ ಆಫ್ ಮಾಡ್ಬಿಡು" ಅಂತ ಸೀನಿಯರ್ಸ್ ಹೇಳ್ತಾರೆ, ಅದೂ ಕೆಲಸ ಮಾಡುತ್ತೆ. ಆದ್ರೆ ವಿಂಡೋಸಲ್ಲಿ ಬಿಟ್‌ಲಾಕರ್ ಆನ್ ಇದ್ರೆ ಮುಂದಿನ ಸಲ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಕೈಯಲ್ಲಿ ಇಟ್ಕೊಂಡೇ ಬಯೋಸ್‌ಗೆ ಕೈ ಹಾಕಿ.