ಖಾತ್ರಿ ಇದ್ದರೆ ಮೂರು, ತಪ್ಪಿದರೆ ಆರು ಕಟ್

ಮುಧೋಳದ ಬಳಿಯ ರನ್ನ ಬೆಳಗಲಿ ಕಡೆಯ ಕಬ್ಬು ಬೆಳೆಗಾರರಿಗೆ ಸವಳು-ಜವಳು, ಅಂದರೆ ಹೊಲದಲ್ಲಿ ಉಪ್ಪೇಳುವುದು, ನೀರು ನಿಲ್ಲುವುದು, ಹೊಸ ಮಾತಲ್ಲ. ಘಟಪ್ರಭಾ ಕಾಲುವೆಯ ನೀರು ಹರಿದ ಕಡೆಗಳಲ್ಲಿ ಎಷ್ಟೋ ಎರೆ ಹೊಲಗಳು ಹೀಗೆ ಕೆಟ್ಟಿವೆ. 'ಸವಳು ಭೂಮಿ ಎಂದರೇನು?' ಎಂದು ಪದವಿ ಪರೀಕ್ಷೆಯಲ್ಲಿ ಕೇಳಿದರೆ ಇಲ್ಲಿನ ಹುಡುಗ ಗೈಡಿನ ಹತ್ತು ಸಾಲು ಬರೆದು ಎದ್ದು ಬರುತ್ತಾನೆ. ಆ ಹತ್ತು ಸಾಲಿಗೂ ಅಪ್ಪನ ಹೊಲದಲ್ಲಿ ಎದ್ದ ಉಪ್ಪಿಗೂ ನಂಟು ಕೂಡುವುದೇ ಇಲ್ಲ.

ಪ್ರಶ್ನೆಯನ್ನು ಹೀಗೆ ತಿರುಗಿಸೋಣ: ಬಸಿಗಾಲುವೆ ಇಲ್ಲದ ಎರೆ ಹೊಲದಲ್ಲಿ ಉಪ್ಪು ಕಾಣಿಸಿದೆ. ನೀರು ಇನ್ನಷ್ಟು ಹಾಯಿಸಿದರೆ ಉಪ್ಪು ಇಳಿಯುತ್ತದೋ, ಏರುತ್ತದೋ? 'ಇಳಿಯುತ್ತದೆ, ಉಪ್ಪು ನೀರಲ್ಲಿ ಕರಗುತ್ತದಲ್ಲ' ಎನ್ನುವವರೇನೂ ದಡ್ಡರಲ್ಲ. ಉಪ್ಪು ಕರಗುವುದು ನಿಜ. ಆದರೆ ಕರಗಿದ್ದು ಹೊರಹೋಗಲು ದಾರಿ ಬೇಕು. ಬಸಿಯದ ನೀರು ಅಂತರ್ಜಲವನ್ನು ಮೇಲಕ್ಕೆತ್ತುತ್ತದೆ, ಮಣ್ಣಿನ ಸಣ್ಣ ಸಂದುಗಳಲ್ಲಿ ಏರಿ ಬಿಸಿಲಿಗೆ ಆವಿಯಾಗುತ್ತದೆ, ಉಪ್ಪನ್ನು ಮೇಲೇ ಬಿಟ್ಟುಹೋಗುತ್ತದೆ. ಆದ್ದರಿಂದ ಉತ್ತರದ ಬೆನ್ನಿಗೇ 'ಯಾಕೆ?' ಎಂದೂ ಕೇಳಿ, ಕಾರಣಗಳ ಪಟ್ಟಿಯಲ್ಲಿ ಜನ ಸಹಜವಾಗಿ ನಂಬುವ ತಪ್ಪುಗಳನ್ನೇ ಸೇರಿಸಬೇಕು. ಈ ಎರಡು ಹಂತದ ಪ್ರಶ್ನೆಯ ಕ್ರಮವನ್ನು ಆಸ್ಟ್ರೇಲಿಯಾದ ಡೇವಿಡ್ ಟ್ರೆಗಸ್ಟ್ 1988ರಲ್ಲಿ ವಿವರಿಸಿದರು. ಉತ್ತರ ಸರಿ, ಕಾರಣ ತಪ್ಪು ಎಂದಾದರೆ ಅದು ಊಹೆ ಇಲ್ಲವೇ ತಪ್ಪು ತಿಳಿವಳಿಕೆ ಎಂದು ಮೇಷ್ಟ್ರಿಗೆ ಗೊತ್ತಾಗುತ್ತದೆ.

ಇನ್ನೊಂದು ಉಪಾಯ ನನಗೆ ಹೆಚ್ಚು ಹಿಡಿಸಿದ್ದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಟೋನಿ ಗಾರ್ಡ್ನರ್-ಮೆಡ್ವಿನ್ ಬೆಳೆಸಿದ ಪದ್ಧತಿ ಅದು. ಉತ್ತರದ ಜೊತೆಗೆ ನಿಮಗೆಷ್ಟು ಖಾತ್ರಿ ಎಂಬುದನ್ನೂ 1, 2, 3 ಎಂದು ಗುರುತಿಸಬೇಕು. ಉತ್ತರ ಸರಿಯಾದರೆ ಅಷ್ಟೇ ಅಂಕ. ತಪ್ಪಾದರೆ 1ಕ್ಕೆ ಸೊನ್ನೆ, 2ಕ್ಕೆ ಎರಡು ಕಟ್, 3ಕ್ಕೆ ಆರು ಕಟ್! ಲೆಕ್ಕ ಹಾಕಿ ನೋಡಿ: ಶೇ 80ಕ್ಕಿಂತ ಹೆಚ್ಚು ಖಾತ್ರಿ ಇದ್ದರೆ ಮಾತ್ರ 3 ಲಾಭ, ಶೇ 67ಕ್ಕಿಂತ ಕಡಿಮೆಯಾದರೆ 1 ವಾಸಿ. ಸುಳ್ಳು ಧೈರ್ಯಕ್ಕೂ ಅತಿ ಅಂಜಿಕೆಗೂ ಇಲ್ಲಿ ನಷ್ಟವೇ. 'ನನಗಿದು ನಿಜಕ್ಕೂ ಗೊತ್ತೇ?' ಎಂದು ವಿದ್ಯಾರ್ಥಿ ಪ್ರತಿ ಪ್ರಶ್ನೆಗೂ ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ.

ನಮ್ಮಲ್ಲಿ ಪರೀಕ್ಷೆ ಡಿಜಿಟಲ್ ಆಗಿದೆ ಎಂದರೆ ಹೆಚ್ಚಾಗಿ ಆಡಳಿತ ಡಿಜಿಟಲ್ ಆಗಿದೆ ಎಂದರ್ಥ. ಪ್ರವೇಶ, ಪರೀಕ್ಷಾ ನೋಂದಣಿ, ಫಲಿತಾಂಶಗಳೆಲ್ಲ ರಾಜ್ಯದ ವಿಶ್ವವಿದ್ಯಾಲಯ-ಕಾಲೇಜುಗಳ ಯುಯುಸಿಎಂಎಸ್ ಎಂಬ ಆಡಳಿತ ತಂತ್ರಾಂಶಕ್ಕೆ ಬಂದಿವೆ. ಅನುಕೂಲವಾಯಿತು, ಸರಿ. ಆದರೆ ಹಳೇ ಪ್ರಶ್ನೆಯನ್ನೇ ಪರದೆಗೆ ತಂದರೆ ಬಾಯಿಪಾಠವೂ ಪರದೆಗೆ ಬರುತ್ತದೆ, ಅಷ್ಟೇ. ಕಂಪ್ಯೂಟರಿನ ನಿಜವಾದ ಉಪಯೋಗ ಬೇರೆ ಕಡೆ ಇದೆ: ನೂರು ಹುಡುಗರಲ್ಲಿ ಎಷ್ಟು ಮಂದಿ ಒಂದೇ ತಪ್ಪನ್ನು ಪೂರ್ತಿ ಖಾತ್ರಿಯಿಂದ ನಂಬಿದ್ದಾರೆ ಎಂಬುದನ್ನು ಅದು ಆ ಗಳಿಗೆಯಲ್ಲೇ ತೋರಿಸಬಲ್ಲದು. ಮರುದಿನದ ಪಾಠ ಅಲ್ಲಿಂದಲೇ ಶುರುವಾಗಬಹುದು.

ಮುಧೋಳ, ಮಹಾಲಿಂಗಪುರ, ಜಮಖಂಡಿಯ ಅಧ್ಯಾಪಕರು ಇದಕ್ಕಾಗಿ ಅನುದಾನ ಕಾಯಬೇಕಿಲ್ಲ. ಮೂಡಲ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಖಾತ್ರಿ-ಅಂಕದ ಪದ್ಧತಿ ಮೊದಲೇ ಅಡಕವಾಗಿದೆ. ಮುಂದಿನ ಕಿರುಪರೀಕ್ಷೆಯಲ್ಲಿ ಐದೇ ಪ್ರಶ್ನೆ ಹೀಗೆ ಕೇಳಿ ನೋಡಿ. ಮೊದಲ ಸಲ ಅಂಕಪಟ್ಟಿಗೆ ಸೇರಿಸಬೇಡಿ, ಹುಡುಗರು ಹೆದರಿಯಾರು.