ಆರ್‌ಒ ನೀರನ್ನ ಹಾಗೇ ಅಕ್ವೇರಿಯಂಗೆ ಹಾಕಬೇಡಿ
ಅಕ್ವೇರಿಯಂ ಗಿಡ ಬೆಳೆಸಿ ಮಾರೋಕೆ ಹೊರಟ ಗೆಳೆಯರು ಕೇಳ್ತಾರೆ: "ನಮ್ಮ ಬೋರ್‌ವೆಲ್ ನೀರು ಗಡಸು, ಆರ್‌ಒ ನೀರು ಹಾಕಿದ್ರೆ ಸಾಕಲ್ವಾ?" ಸಾಲದು. ಆರ್‌ಒ ಫಿಲ್ಟರ್ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲವನ್ನೂ ತೆಗೆದುಬಿಡುತ್ತದೆ. ಟೊಮೆಟೊ ಕಾಯಿಯ ತುದಿ ಕಪ್ಪಾಗೋದು ಕ್ಯಾಲ್ಸಿಯಂ ಕೊರತೆಯಿಂದ ಅಂತ ನಿಮಗೆ ಗೊತ್ತು. ನೀರೊಳಗಿನ ಗಿಡದಲ್ಲಿ ಅದೇ ಕೊರತೆಗೆ ಹೊಸ ಎಲೆ ಮುರುಟುತ್ತದೆ. ಬೈಕಾರ್ಬೊನೇಟ್ ಇಲ್ಲದಿದ್ದರೆ ಪಿಎಚ್ ದಿಢೀರ್ ಕುಸಿದು ಮೀನೂ ಸಾಯಬಹುದು.

ನಾನು 100 ಲೀಟರ್ ಆರ್‌ಒ ನೀರಿಗೆ 9 ಗ್ರಾಂ ಶುದ್ಧ ಜಿಪ್ಸಂ, 4.5 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 7 ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟ್ ಹಾಕ್ತೀನಿ. ಗಡಸುತನ, ಅಂದರೆ ಜಿಎಚ್, ಸುಮಾರು 4 ಡಿಗ್ರಿಗೆ ಬರುತ್ತದೆ. ಬೈಕಾರ್ಬೊನೇಟಿನ ಅಳತೆ ಕೆಎಚ್ 2 ಡಿಗ್ರಿ. ಹೊಲಕ್ಕೆ ಹಾಕೋ ಮೂಟೆ ಜಿಪ್ಸಂ ಬೇಡ, ಕಲ್ಮಶ ಇರುತ್ತೆ. ಜಿಪ್ಸಂ ಬೇಗ ಕರಗಲ್ಲ. ಬೇರೆ ಡ್ರಮ್ಮಿನಲ್ಲಿ ಕಲಸಿ, ಏರ್ ಪಂಪ್ ಹಾಕಿ ಒಂದು ರಾತ್ರಿ ಬಿಡಿ. ಮೀನಿರೋ ಟ್ಯಾಂಕಿಗೆ ಪುಡಿ ನೇರವಾಗಿ ಸುರಿಯಬೇಡಿ.

ಖರ್ಚಿಲ್ಲದ ದಾರಿಯೂ ಇದೆ. ಬೋರ್ ನೀರಿನ ಜಿಎಚ್ 20 ಇದ್ದರೆ, ಅದರ ಒಂದು ಬಿಂದಿಗೆಗೆ ನಾಲ್ಕು ಬಿಂದಿಗೆ ಆರ್‌ಒ ನೀರು ಬೆರೆಸಿ, 4ಕ್ಕೆ ಇಳಿಯುತ್ತೆ. ಆದ್ರೆ ಉಪ್ಪು ನೀರಾದ್ರೆ ಇದು ಬೇಡ, ಸೋಡಿಯಂ ಕೂಡ ಜೊತೆಗೇ ಬರುತ್ತದೆ. ಯಾವ ಲವಣ ಎಷ್ಟಿದೆ ಅಂತ ಟಿಡಿಎಸ್ ಮೀಟರ್ ಹೇಳಲ್ಲ. ಜಿಎಚ್, ಕೆಎಚ್ ನೋಡೋಕೆ ಹನಿ ಹಾಕೋ ಟೆಸ್ಟ್ ಕಿಟ್ ತಗೊಳ್ಳಿ.